ಬೀಗಿತ್ತಿಯ ಸೊಳ್ಳೆಗಿಡಗಳು

ಚೊಚ್ಚಲ ಹೆರಿಗೆಗೆಂದು ಮಗಳನ್ನು ಚಿತ್ರದುರ್ಗದ ನಮ್ಮ ಮನೆಗೆ ಕರೆದುಕೊಂಡು ಬಂದ ಮೂರನೆಯ ದಿನವೇ ನಮ್ಮ ಬೀಗಿತ್ತಿ ಭರಮಸಾಗರದಿಂದ ಒಂದು ಲಗೇಜು ಆಟೋ ತುಂಬ ಗಿಡ ಹೇರಿಕೊಂಡು ಬಂದಿಳಿದರು. ಬೀಗಿತ್ತಿ ಎಂದರೆ ಮಗಳ ಅತ್ತೆ. ಹನ್ನೆರಡು ಕುಂಡಗಳು, ಒಂದು ಗೋಣಿಚೀಲದ ತುಂಬ ಲಕ್ಕಿ ಸೊಪ್ಪು, ಇನ್ನೊಂದರಲ್ಲಿ ಒಣಗಿಸಿದ ಬೇವಿನ ಸೊಪ್ಪು. ಆಷಾಢದ ಗಾಳಿಗೆ ಕುಂಡಗಳ ಮಣ್ಣು ಹಾರಿ ಅವರ ಮುಖ, ಕನ್ನಡಕ, ಸೆರಗು ಎಲ್ಲ ಕೆಂಪಾಗಿದ್ದವು. ಇಳಿದವರು ನಮಸ್ಕಾರ ಹೇಳಲಿಲ್ಲ, ಕುಡಿಯಲು ನೀರು ಕೇಳಲಿಲ್ಲ.

“ಅಕ್ಕಾರೆ, ನಿಮ್ಮ ಬೀದ್ಯಾಗೆ ಯಾರಿಗೋ ಡೆಂಗಿ ಬಂದೈತಂತೆ. ಕೇಳಿದ್ ಮ್ಯಾಲೆ ನನಗೆ ಮನ್ಯಾಗೆ ಕುಂತ್ಕಳ್ಳಾಕೆ ಆಗ್ಲಿಲ್ಲ ನೋಡ್ರಿ,” ಎಂದು ಗೇಟಿನಲ್ಲೇ ಶುರು ಮಾಡಿದರು.

ಡೆಂಗಿ ಬಂದದ್ದು ನಿಜ. ನಮ್ಮ ಮನೆಯಿಂದ ನಾಲ್ಕನೆಯ ಮನೆಯ ಹಾರ್ಡ್‌ವೇರ್ ಅಂಗಡಿಯವರಿಗೆ ಬಂದಿತ್ತು, ವಾಸಿಯೂ ಆಗಿ ಅವರು ಮತ್ತೆ ಅಂಗಡಿಯಲ್ಲಿ ಕೂತು ಗಿರಾಕಿಗಳ ಮೇಲೆ ರೇಗುತ್ತಿದ್ದರು. ಆದರೆ ಸೊಳ್ಳೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರು ಯಾವ ಊರಿನವರು ಎಂಬುದನ್ನು ಗಮನಿಸಬೇಕು. ಭರಮಸಾಗರ ದೊಡ್ಡ ಕೆರೆಯ ದಂಡೆಯ ಮೇಲಿರುವ ಊರು. ಸಂಜೆ ಐದೂವರೆಗೆ ಅಲ್ಲಿ ಮಾತನಾಡಲು ಬಾಯಿ ತೆರೆದರೆ ಎರಡು ಸೊಳ್ಳೆ ಒಳಗೆ ಹೋಗುತ್ತವೆ. ಮಗಳ ಮದುವೆಯ ಮಾತುಕತೆಗೆ ಹೋದಾಗ ಕಾಲು ಕೆರೆದುಕೊಂಡೇ ತಾಂಬೂಲ ಬದಲಾಯಿಸಿದ್ದೆ. ಅಂಥ ಊರಿನ ಹೆಂಗಸು ಬಂಡೆಯ ಮೇಲೆ ಕಟ್ಟಿದ, ನೆಲ ಅಗೆದರೆ ಕಲ್ಲು ಬಿಟ್ಟರೆ ಬೇರೇನೂ ಸಿಗದ ದುರ್ಗಕ್ಕೆ ಬಂದು ಸೊಳ್ಳೆ ಓಡಿಸುತ್ತಾರಂತೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಮೊದಲು ಹೊಸದುರ್ಗ, ಆಮೇಲೆ ಹೊಳಲ್ಕೆರೆ, ಕೊನೆಗೆ ದುರ್ಗ. ಸೊಳ್ಳೆಯ ಜೀವನಚಕ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೊಟ್ಟೆ, ಲಾರ್ವಾ, ಪ್ಯೂಪಾ, ಪ್ರೌಢ ಕೀಟ. ನಿಂತ ನೀರಿಲ್ಲದೆ ಸೊಳ್ಳೆಯಿಲ್ಲ ಎಂಬ ಒಂದು ಮಾತನ್ನು ಮಕ್ಕಳ ತಲೆಗೆ ತುಂಬಲು ನನ್ನ ಗಂಟಲು ಅರ್ಧ ಹಾಳಾಗಿದೆ. ನನ್ನೆದುರು ಕುಂಡ ಇಟ್ಟು ಇವರು ಪಾಠ ಶುರು ಮಾಡಿದರು.

“ಇದು ಮಜ್ಜಿಗೆ ಹುಲ್ಲು. ಇದರ ವಾಸ್ನಿ ಇದ್ದಕಡೆ ಸೊಳ್ಳೆ ಸುಳಿಯಲ್ಲ. ಇದು ಚೆಂಡು ಹೂವು, ಕಿಟಕಿ ತಾವ ಇಡ್ರಿ. ಇದು ಕಾಮಕಸ್ತೂರಿ. ಇದು ದೊಡ್ಡಪತ್ರೆ. ಇದು ಹೈವೇ ಮಗ್ಗುಲ ನರ್ಸರಿಯೋನು ಕೊಟ್ಟಿದ್ದು, ಸೊಳ್ಳೆ ಗಿಡ ಅಂತ್ಲೇ ಹೆಸರು.”

“ಸೊಳ್ಳೆ ಗಿಡ ಅಂದ್ರೆ ಸೊಳ್ಳೆ ಬಿಡೋ ಗಿಡಾನಾ?” ಎಂದೆ.

ಅವರು ನಕ್ಕರು. ತಮಾಷೆ ಎಂದುಕೊಂಡರು. ನನ್ನ ಮಾತು ತಮಾಷೆಯಲ್ಲ ಎಂದು ಗೊತ್ತಾದದ್ದು ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಮಾತ್ರ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು.

ಈ ಜ್ಞಾನವೆಲ್ಲ ಎಲ್ಲಿಂದ ಬಂತು ಎಂದು ಕೇಳುವ ಅಗತ್ಯವೂ ಇರಲಿಲ್ಲ. ಬೀಗಿತ್ತಿ ಫೋನು ತೆಗೆದು ತೋರಿಸಿದರು. ಅದರಲ್ಲಿ ತಲೆಗೆ ಬಣ್ಣ ಹಚ್ಚಿಕೊಂಡ ಗಂಡಸೊಬ್ಬ ಒಂದು ಎಲೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಸೊಳ್ಳೆಗಳ ಮನಸ್ಸಿನಲ್ಲಿ ಏನೇನು ನಡೆಯುತ್ತದೆ ಎಂದು ವಿವರಿಸುತ್ತಿದ್ದ. ನಿಜವೆಂದರೆ, ಗಿಡ ಸುಮ್ಮನೆ ನಿಂತಿದ್ದರೆ ಅದರ ಎಣ್ಣೆ ಎಲೆಯೊಳಗೇ ಇರುತ್ತದೆ, ಹಿಸುಕಿದರೆ ಮಾತ್ರ ವಾಸನೆ ಹೊರಗೆ ಬರುತ್ತದೆ, ಹಿಸುಕದ ಗಿಡದ ಮೇಲೆ ಸೊಳ್ಳೆ ಕೂತು ಆರಾಮವಾಗಿ ದಣಿವಾರಿಸಿಕೊಳ್ಳುತ್ತದೆ. ಇಷ್ಟನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನ ಹೊಟ್ಟೆಪಾಡು ನಡೆಯಬೇಕಲ್ಲ. ಇಂಥವರನ್ನು ನೋಡಿಕೊಂಡು ಕೂರುವ ಜನರ ಬಗ್ಗೆ ನನಗೆ ಅವನ ಮೇಲಿನದಕ್ಕಿಂತ ಹೆಚ್ಚು ಅಸಹ್ಯ. ಓದು ಬರಹ ಬಾರದವರಾದರೆ ಪಾಪ ಎನ್ನಬಹುದು. ನಮ್ಮ ಬೀದಿಯ ಪದವೀಧರ ಹೆಂಗಸರೇ ಮರುದಿನ ಬಂದು ಆ ಕುಂಡಗಳನ್ನು ಪ್ರದಕ್ಷಿಣೆ ಹಾಕಿ ನೋಡಿ, ನಮಗೂ ಒಂದೊಂದು ರೆಂಬೆ ಕೊಡ್ರಿ ಎಂದು ಮುರಿದುಕೊಂಡು ಹೋದರು.

ಬೀಗಿತ್ತಿ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ ಮಾತು ಮಾತ್ರ ನನ್ನ ಎದೆಯಲ್ಲಿ ನೆಟ್ಟುಕೊಂಡಿತು.

“ಎಂಟನೇ ತಿಂಗಳು ಬೀಳಾಕೆ ಇನ್ನ ಇಪ್ಪತ್ತು ದಿನ ಐತೆ ಅಕ್ಕಾರೆ. ಅದರೊಳಗೆ ನಾನೊಂದ್ಸಲ ಬಂದು ನೋಡ್ತೀನಿ. ಸೊಳ್ಳೆ ಹಿಂಗೇ ಇದ್ರೆ, ತಪ್ಪು ತಿಳ್ಕಬ್ಯಾಡ್ರಿ, ಸೊಸೀನ ವಾಪಸ್ ಕರ್ಕಂಡೋಗ್ತೀನಿ. ಎಂಟು ಬಿದ್ ಮ್ಯಾಲೆ ಗಡಿ ದಾಟ್ಸಂಗಿಲ್ಲವಲ್ಲ.”

ನಮ್ಮಲ್ಲಿ ಎಂಟನೆಯ ತಿಂಗಳು ಶುರುವಾದ ಮೇಲೆ ಬಸುರಿಯನ್ನು ಊರು ದಾಟಿಸುವುದಿಲ್ಲ. ಆ ದಿನ ಅವಳು ಎಲ್ಲಿರುತ್ತಾಳೋ ಹೆರಿಗೆ, ಬಾಣಂತನ ಎರಡೂ ಅಲ್ಲೇ. ಇಂಥ ಪದ್ಧತಿಗಳನ್ನೆಲ್ಲ ನಾನು ಹಿಂದೆಯೇ ಗಾಳಿಗೆ ತೂರಿದವಳು, ಆದರೆ ಚೊಚ್ಚಲ ಬಾಣಂತನ ತವರುಮನೆಯದು ಎಂಬ ಪದ್ಧತಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನನ್ನ ತವರು ಯಲ್ಲದಕೆರೆಯಲ್ಲಿ ನನ್ನ ಅವ್ವ ಮೂರು ತಿಂಗಳು ನನಗೆ ಎರೆದು, ಮೈ ತಿಕ್ಕಿ, ತಲೆ ಕಾಯಿಸಿ, ನನ್ನನ್ನು ಮತ್ತೆ ಕೂಸಿನಂತೆ ನೋಡಿಕೊಂಡಿದ್ದಳು. ಅಂಥ ಮೂರು ತಿಂಗಳು ನನ್ನ ಆಯುಷ್ಯದಲ್ಲಿ ಆಮೇಲೆ ಬರಲಿಲ್ಲ. ನನಗಿರುವುದು ಒಬ್ಬಳೇ ಮಗಳು. ಅವಳು ಹುಟ್ಟಿದಾಗಿನಿಂದ ನಾನು ಸ್ಕೂಲು, ಪರೀಕ್ಷೆ, ವರ್ಗಾವಣೆ ಎಂದು ಓಡಿದವಳು. ನಿವೃತ್ತಿಯಾದ ಮೇಲೆ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಹಳೇ ಹತ್ತಿ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟು ಕಾಯುತ್ತಿದ್ದೆ. ಅವಳಿಗೆ ನನ್ನ ಕೈಯಿಂದ ಎರೆಯಬೇಕಿತ್ತು. ಬಾಯಿಬಿಟ್ಟೇ ಹೇಳುತ್ತೇನೆ, ನನಗೆ ಅದು ಬೇಕೇ ಬೇಕಿತ್ತು.

ಆ ಸಂತೋಷವನ್ನು ಹನ್ನೆರಡು ಕುಂಡಗಳಿಗೆ ಅಡವಿಟ್ಟು ಹೋದರಲ್ಲ ಎಂದು ಹೊಟ್ಟೆ ಉರಿಯಿತು.

ಅಲ್ಲಿಂದ ಶುರುವಾಯಿತು ನೋಡಿ ದಿನನಿತ್ಯದ ನಾಟಕ. ಸಂಜೆಯಾದರೆ ಬೀಗಿತ್ತಿಯ ವಿಡಿಯೋ ಕಾಲ್. ಗ್ಯಾಸ್ ಒಲೆಯ ಮೇಲೆ ತೆಂಗಿನ ಚಿಪ್ಪು ಸುಟ್ಟು ಕೆಂಡ ಮಾಡಿ, ಅದರ ಮೇಲೆ ಲಕ್ಕಿ ಸೊಪ್ಪು ಉದುರಿಸಿ, ಮನೆಯೆಲ್ಲ ಹೊಗೆ ಹಿಡಿಯಬೇಕು. ಅದನ್ನು ಫೋನಿನಲ್ಲಿ ಅವರಿಗೆ ತೋರಿಸಬೇಕು.

“ಆ ಮೂಲೀಗೆ ಹಿಡಿಯವ್ವ. ಮಂಚದ ಕೆಳಗ್ ಹಿಡಿದ್ಯಾ? ಹಾಂ, ಈಗ ಸರಿ ಐತೆ,” ಎಂದು ಅವರು ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು.

ಆಷಾಢದಲ್ಲಿ ನಮ್ಮ ಕಡೆ ಗಾಳಿ ಎಂದರೆ ಸಾಮಾನ್ಯ ಗಾಳಿಯಲ್ಲ, ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಬೇಕಾದಷ್ಟು ಮುಗಿದ ಮೇಲೂ ನಮ್ಮ ಮನೆಯ ಕಿಟಕಿ ಕೀಳಲು ಸಾಕಾಗುವಷ್ಟು ಉಳಿದಿರುತ್ತದೆ. ಬಾಗಿಲು ತೆರೆದರೆ ಹೊಗೆ ಒಂದು ನಿಮಿಷವೂ ನಿಲ್ಲದು. ಮುಚ್ಚಿದರೆ ಸೊಳ್ಳೆಯ ಜೊತೆ ನಾವೂ ಕೆಮ್ಮಬೇಕು. ನಮ್ಮ ಮನೆಯವರು ಪೇಪರ್ ಹಿಡಿದುಕೊಂಡು ಟೆರೇಸಿಗೆ ಹೋಗಿಬಿಡುತ್ತಿದ್ದರು. ಸಂಸಾರದಲ್ಲಿ ಏನೇ ಆದರೂ ಟೆರೇಸಿಗೆ ಹೋಗುವ ಗಂಡಸು ಅವರು. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಸಂಜೆ ಹೊಗೆ ಹಾಕುವುದು ಮದುವೆ ಮುಗಿದ ಮೇಲೆ ಚಪ್ಪರ ಹಾಕಿದಂತೆ ಎಂದು ನಾನು ಮಗಳಿಗೆ ಹೇಳಿದೆ. ಬಸುರಿಯ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ ಎಂದೂ ಹೇಳಿದೆ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು.

“ನಿಮ್ಮತ್ತೆಗೆ ವಿಜ್ಞಾನ ಪಾಠ ಮಾಡ್ದೋರು ಯಾರು ಅಂತ ಒಂದ್ಸಲ ಕೇಳೇ. ಅವರ ಪೆನ್ಷನ್ ನಿಲ್ಲಿಸ್ಬೇಕು,” ಎಂದೆ.

ಮಗಳು ಕೆಂಡದ ಬಟ್ಟಲನ್ನು ಕೆಳಗಿಟ್ಟು, “ಅಮ್ಮ, ಫೋನ್ ಇನ್ನೂ ಆನ್ ಐತೆ,” ಎಂದಳು.

ಫೋನಿನಲ್ಲಿ ಬೀಗಿತ್ತಿಯ ಮುಖ ಕಾಣುತ್ತಿತ್ತು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. “ಹೊಗೆ ಕಮ್ಮಿ ಆಯ್ತೇನವ್ವ? ಇನ್ನೊಂಚೂರು ಸೊಪ್ಪು ಹಾಕು,” ಎಂದಷ್ಟೇ ಹೇಳಿದರು. ಕೇಳಿಸಿದರೆ ಒಳ್ಳೆಯದೇ ಆಯಿತು ಎಂದು ನಾನು ಒಳಗೊಳಗೇ ಅಂದುಕೊಂಡೆ. ಬೀದಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಸೇರಿದಾಗ ಬೀಗಿತ್ತಿಯಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇದರ ವಾಸ್ನಿ ಇದ್ದಕಡೆ ಸೊಳ್ಳೆ ಸುಳಿಯಲ್ಲ” ಎಂದು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರೆಂಬೆ ಮುರಿದುಕೊಂಡು ಹೋಗಿದ್ದವರೂ ನಗುತ್ತಿದ್ದರು. ಮಗಳು ನಗಲಿಲ್ಲ, ಎದ್ದು ಒಳಗೆ ಹೋದಳು. ಬಸುರಿಗೆ ಸುಸ್ತು ಇರುತ್ತದೆ ಎಂದುಕೊಂಡೆ.

ಇನ್ನು ಆ ಕುಂಡಗಳಿಗೆ ನೀರು. ನಮ್ಮ ಬೀದಿಗೆ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಂದು ಸಲ, ಕೆಲವೊಮ್ಮೆ ಅದೂ ಮರೆತುಹೋಗುತ್ತದೆ. ಆ ನೀರನ್ನು ಮಜ್ಜಿಗೆ ಹುಲ್ಲಿಗೆ ಸುರಿಯಲು ನನ್ನ ಕೈ ಬರುವುದಿಲ್ಲ. ಬೋರಿನ ನೀರಿನಲ್ಲಿ ಫ್ಲೋರೈಡು ಇರುವುದರಿಂದ ನಮ್ಮ ಕಡೆ ಬಹಳ ಮನೆಗಳ ಅಡುಗೆಮನೆಯಲ್ಲಿ ಆರ್‌ಒ ಮಷಿನ್ನು ಇದೆ. ಒಂದು ಬಿಂದಿಗೆ ಕುಡಿಯುವ ನೀರು ಕೊಡುವಷ್ಟರಲ್ಲಿ ಆ ಮಷಿನ್ನು ಅದಕ್ಕಿಂತ ಹೆಚ್ಚು ನೀರನ್ನು ಹಿಂದಿನ ಪೈಪಿನಿಂದ ಹೊರಗೆ ಬಿಡುತ್ತದೆ. ಬೇರೆ ಊರಿನವರು ಅದನ್ನು ಚರಂಡಿಗೆ ಬಿಡುತ್ತಾರಂತೆ. ಅಂಥವರ ಮನೆಯಲ್ಲಿ ನಾನು ಕಾಫಿಯನ್ನೂ ಕುಡಿಯುವುದಿಲ್ಲ. ಯಲ್ಲದಕೆರೆಯಂಥ ಬರದ ಊರಿನಲ್ಲಿ ಬೆಳೆದವಳಿಗೆ ನೀರು ಚೆಲ್ಲುವುದೆಂದರೆ ಅನ್ನದ ತಟ್ಟೆ ಒದ್ದಂತೆ. ಆ ಪೈಪಿನ ಕೆಳಗೆ ನಾನು ಒಂದು ಬಕೆಟ್ ಇಟ್ಟು, ದಿನದ ನೀರನ್ನು ಅಂದಂದೇ ನೆಲ ಒರೆಸಲು, ಪಾತ್ರೆ ತಿಕ್ಕಲು ಖರ್ಚು ಮಾಡುತ್ತಿದ್ದೆ. ಕುಂಡಗಳು ಬಂದ ಮೇಲೆ ಬಕೆಟ್ ಸಾಲಲಿಲ್ಲ. ಟೆರೇಸಿನ ಮೇಲೆ ಬಿದ್ದಿದ್ದ ನೂರು ಲೀಟರಿನ ನೀಲಿ ಡ್ರಮ್ಮನ್ನು ಇಳಿಸಿ ತಂದು ಹಿತ್ತಲಿನಲ್ಲಿ ಇಟ್ಟೆ. ಅದರ ಮುಚ್ಚಳಕ್ಕೆ ತೂತು ಕೊರೆದು ಪೈಪನ್ನು ಒಳಗೆ ಬಿಟ್ಟೆ. ಮಗಳು ಬೆಳಿಗ್ಗೆ ಎದ್ದು ಮಗ್ಗಿನಲ್ಲಿ ಮೊಗೆದು ಮೊಗೆದು ಅತ್ತೆಯ ಗಿಡಗಳಿಗೆ ಹಾಕುತ್ತಿದ್ದಳು. ಎಷ್ಟು ಮೊಗೆದರೂ ಸಂಜೆಗೆ ಡ್ರಮ್ಮು ಮತ್ತೆ ತುಂಬುತ್ತಿತ್ತು. ತಳ ಕಂಡ ದಿನ ಒಂದೂ ಇರಲಿಲ್ಲ, ಅದನ್ನು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು.

ನಿಂತ ನೀರು ನೋಡಲು ನಮ್ಮ ಬೀದಿಗೆ ಹದಿನೈದು ದಿನಕ್ಕೊಮ್ಮೆ ಆಶಾ ಕಾರ್ಯಕರ್ತೆ ಒಬ್ಬಳು ಬರುತ್ತಾಳೆ. ಮನೆಮನೆಯ ತೊಟ್ಟಿ, ಡ್ರಮ್ಮು, ಸಂಪು ಇಣುಕಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಹಾಕಿ ಹೋಗುತ್ತಾಳೆ. ಅವಳು ನನ್ನದೇ ವಿದ್ಯಾರ್ಥಿನಿ. ಹಿಂದಿನ ಬೆಂಚಿನವಳು. ಸೊಳ್ಳೆಯ ಜೀವನಚಕ್ರದ ಚಿತ್ರದಲ್ಲಿ ಮೂರು ಹಂತ ಬರೆದು ಪ್ಯೂಪಾದ ಜಾಗವನ್ನು ಖಾಲಿ ಬಿಟ್ಟಿದ್ದಳು. ಈಗ ಅವಳೇ ಲಾರ್ವಾ ಹುಡುಕುತ್ತಾಳೆ ಎಂದರೆ ನನಗೆ ನಗು ಬರದೆ ಇನ್ನೇನು? ಪ್ರತಿ ಸಲ ಗೇಟಿನಿಂದಲೇ ಕಳಿಸುತ್ತಿದ್ದೆ.

“ನಮ್ಮನೇಲಿ ಏನೂ ಇಲ್ಲ. ಏನೂ ಇಲ್ಲ ಅಂತ ಬರ್ಕೊಂಡು ಹೋಗು,” ಎನ್ನುತ್ತಿದ್ದೆ.

“ಸರಿ ಮೇಡಂ,” ಎಂದು ಅವಳು ಬರೆದುಕೊಂಡು ಹೋಗುತ್ತಿದ್ದಳು. ನನಗೆ ಎದುರು ಹೇಳುವ ಅಭ್ಯಾಸ ಅವಳಿಗೆ ಹತ್ತನೆಯ ತರಗತಿಯಲ್ಲೂ ಇರಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ಬೀಗಿತ್ತಿ ಬಂದರು. ಎಂಟನೆಯ ತಿಂಗಳು ಬೀಳಲು ಎರಡು ದಿನ ಉಳಿದಿತ್ತು. ಬಂದವರು ಗಿಡಗಳನ್ನು ನೋಡಿದರು. ಮಜ್ಜಿಗೆ ಹುಲ್ಲು ಸೊಂಪಾಗಿತ್ತು, ಚೆಂಡು ಹೂ ಬಿಟ್ಟಿತ್ತು, ಸೊಳ್ಳೆ ಗಿಡ ಮಾತ್ರ ಗಾಳಿಗೆ ಬಾಡಿತ್ತು. ಗಿಡಗಳೇನೋ ಚೆನ್ನಾಗಿದ್ದವು, ಆದರೆ ಮಗಳ ಮೊಣಕಾಲ ಕೆಳಗೆ ಕೆಂಪು ಗುಳ್ಳೆಗಳೆದ್ದಿದ್ದವು. ಬೀಗಿತ್ತಿ ಅವನ್ನೊಂದು ಸಲ ಸವರಿ ನೋಡಿದರು. ಹಾಗೆ ಸವರಿದ್ದೇ ನನ್ನನ್ನು ಕೆರಳಿಸಿತು.

“ಹನ್ನೆರಡು ಕುಂಡ ಇಟ್ಟಿದ್ದೀವಿ, ದಿನಾ ಹೊಗೆ ಕುಡಿದಿದ್ದೀವಿ. ಆದ್ರೂ ಕಚ್ಚಿದಾವೆ. ನಿಮ್ಮ ಫೋನಿನೋನ್ನ ಕೇಳ್ರಿ ಯಾಕೆ ಅಂತ,” ಎಂದೆ.

ಅದೇ ಹೊತ್ತಿಗೆ ಗೇಟಿನ ಬಳಿ ಆಶಾ ಕಾರ್ಯಕರ್ತೆ ಕಾಣಿಸಿದಳು. ರಿಜಿಸ್ಟರು ತೆರೆದು, ಏನೂ ಇಲ್ಲ ಎಂದು ಬರೆಯಲು ಪೆನ್ನು ತೆಗೆದಿದ್ದಳು. ನನಗೆ ಒಂದು ಯೋಚನೆ ಹೊಳೆಯಿತು. ಕುಂಡಗಳ ಕೆಳಗೆ ತಟ್ಟೆಗಳಿವೆ, ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಲಾರ್ವಾ ಇರಲೇಬೇಕು. ಸೊಳ್ಳೆ ಓಡಿಸಲು ತಂದ ಗಿಡಗಳ ಬುಡದಲ್ಲೇ ಸೊಳ್ಳೆ ಹುಟ್ಟುವುದನ್ನು ಬೀಗಿತ್ತಿಯ ಎದುರೇ ಸರ್ಕಾರದ ರಿಜಿಸ್ಟರಿನಲ್ಲಿ ಬರೆಸಿದರೆ ಅವರ ಬಾಯಿಗೆ ಬೀಗ ಬೀಳುತ್ತದೆ. ಮಗಳೂ ನೋಡುತ್ತಾಳೆ. ವರ್ಷಗಳಲ್ಲಿ ಮೊದಲ ಸಲ ನಾನು ಆ ಹುಡುಗಿಯನ್ನು ಒಳಗೆ ಕರೆದೆ.

“ಬಾಮ್ಮ ಬಾ, ಒಳಗೆ ಬಾ. ಈ ಕುಂಡಗಳ ತಟ್ಟೆ ಒಂದೊಂದೇ ಎತ್ತಿ ನೋಡು. ಎಲ್ರೂ ಬರ್ರಿ, ನೋಡ್ರಿ,” ಎಂದೆ.

ಅವಳು ಮೊಣಕಾಲೂರಿ ಕೂತು ಒಂದೊಂದೇ ಕುಂಡವನ್ನು ವಾಲಿಸಿ ತಟ್ಟೆ ಎತ್ತಿದಳು. ಮೊದಲನೆಯದರಲ್ಲಿ ಕೆಂಪು ಧೂಳು. ಎರಡನೆಯದರಲ್ಲಿ ಇರುವೆ. ಮೂರನೆಯದರಲ್ಲಿ ಒಣ ಎಲೆ. ಆ ದಿನ ಗಿಡಗಳಿಗೆ ಇನ್ನೂ ನೀರು ಹಾಕಿರಲಿಲ್ಲ, ಹನ್ನೆರಡೂ ಒಣಗಿದ್ದವು. ಆಷಾಢದ ಗಾಳಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದೊಳಗೆ ಹೇಳಹೆಸರಿಲ್ಲದಂತೆ ಆರಿಹೋಗುತ್ತಿತ್ತು. ಇಷ್ಟು ಸಾಮಾನ್ಯ ವಿಷಯ ನನಗೆ ಹೊಳೆದಿರಲಿಲ್ಲ.

“ಇಲ್ಲೇನಿಲ್ಲ ಮೇಡಂ. ಹಿತ್ಲಾಗೆ ಒಂದ್ಸಲ ನೋಡ್ಲಾ? ಒಳಗೆ ಬಂದಿದ್ದೀನಲ್ಲ,” ಎಂದಳು.

ನಾನು ಬೇಡ ಎನ್ನುವ ಮೊದಲೇ ಅವಳು ಹಿತ್ತಲಿಗೆ ನಡೆದಿದ್ದಳು. ಅವಳ ಹಿಂದೆ ಬೀಗಿತ್ತಿ, ಅವರ ಹಿಂದೆ ಮಗಳು. ಡ್ರಮ್ಮಿನ ಮುಚ್ಚಳ ಎತ್ತಿ, ಮೊಬೈಲಿನ ಟಾರ್ಚು ಹಾಕಿ ಇಣುಕಿದಳು. ಆಮೇಲೆ ಚೀಲದಿಂದ ಬಿಳಿ ಪ್ಲಾಸ್ಟಿಕ್ ಲೋಟವೊಂದನ್ನು ತೆಗೆದು ಒಂದು ಲೋಟ ನೀರು ಮೊಗೆದು ನನ್ನ ಮುಂದೆ ಹಿಡಿದಳು.

“ಹುಳ ಅವೆ ಮೇಡಂ,” ಎಂದಳು, ಮೆಲ್ಲಗೆ.

ಲೋಟದ ಬಿಳಿಯ ಮೇಲೆ ಅವು ಕೊಂಕುತ್ತಾ ಕೊಂಕುತ್ತಾ ಮೇಲೆ ಕೆಳಗೆ ಹೋಗುತ್ತಿದ್ದವು. ತಲೆ ಕೆಳಗೆ ಮಾಡಿ, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತಿದ್ದವು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರದಂತೆಯೇ ಇದ್ದವು. ಮುಚ್ಚಳಕ್ಕೆ ನಾನು ಕೊರೆದ ತೂತು ಪೈಪಿಗಿಂತ ದೊಡ್ಡದಿತ್ತು. ಕುಡಿಯುವ ನೀರಿನಷ್ಟೇ ತಿಳಿಯಾದ, ಎಂದೂ ಬರಿದಾಗದ, ನೆರಳಿನಲ್ಲಿರುವ ನೀರು ಸೊಳ್ಳೆಗೆ ಇದಕ್ಕಿಂತ ಚೆನ್ನಾಗಿ ಬೇರೆ ಯಾರೂ ಒದಗಿಸಿಕೊಡಲಾರರು.

“ಇದು ಪ್ಯೂಪಾ ಅಲ್ವಾ ಮೇಡಂ? ಈ ಗುಂಡಗೆ ಇರೋದು? ನಾಳೆನೋ ನಾಡಿದ್ದೋ ಹಾರಿ ಹೋಗ್ತಾವೆ,” ಎಂದಳು ಹುಡುಗಿ. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಚುಚ್ಚಲು ಬರುವವಳಾಗಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಬೀಗಿತ್ತಿ ಆಗಲೂ ಹಂಗಿಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

“ಬರ್ರಿ ಅಕ್ಕಾರೆ, ಚೆಲ್ಲಿಬಿಡಾಣ. ಈ ಕಡೆ ನಾನು ಹಿಡ್ಕಂತೀನಿ,” ಎಂದು ಡ್ರಮ್ಮಿಗೆ ಕೈ ಹಾಕಿದರು.

ಚೆಲ್ಲುವುದು! ನೂರು ಲೀಟರು! ನನ್ನ ಎರಡೂ ಕೈ ತಾವಾಗಿಯೇ ಹೋಗಿ ಡ್ರಮ್ಮನ್ನು ತಬ್ಬಿ ಹಿಡಿದವು.

“ಚೆಲ್ಲೋದ್ಯಾಕೆ? ಪಂಚೆ ಬಟ್ಟೇಲಿ ಸೋಸಿದ್ರೆ ಹುಳ ಬಟ್ಟೇಲಿ ಉಳೀತಾವೆ, ನೀರು ಉಳೀತದೆ,” ಎಂದೆ.

ಮೂವರೂ ನನ್ನನ್ನು ನೋಡಿದರು. ನಾನು ನಿಲ್ಲಿಸಲಿಲ್ಲ. ಈ ಡ್ರಮ್ಮು ಇಲ್ಲಿಗೆ ಬಂದದ್ದೇ ನಿಮ್ಮ ಕುಂಡಗಳಿಗಾಗಿ ಎಂದೆ. ನೀವು ಆ ಕಸ ಹೊತ್ತು ತರದಿದ್ದರೆ ನನ್ನ ಬಕೆಟ್ಟೇ ಸಾಕಿತ್ತು ಎಂದೆ. ಹದಿನೈದು ದಿನಕ್ಕೊಮ್ಮೆ ಬಂದು ಗೋಡೆಗೆ ಸೀಮೆಸುಣ್ಣ ಗೀಚುವವಳು ಮುಂಚೆಯೇ ಯಾಕೆ ನೋಡಲಿಲ್ಲ, ಸಂಬಳ ಯಾತಕ್ಕೆ ಕೊಡುತ್ತಾರೆ ಎಂದು ಆ ಹುಡುಗಿಗೂ ಹೇಳಿದೆ. ಕುಂಡಗಳ ವಿಷಯದಲ್ಲಿ ನಾನು ಹೇಳಿದ್ದು ಇವತ್ತಿಗೂ ಸುಳ್ಳಲ್ಲ. ಗಿಡ ಬರದಿದ್ದರೆ ಡ್ರಮ್ಮು ಬರುತ್ತಿರಲಿಲ್ಲ. ಆದರೆ ಮುಚ್ಚಳದ ತೂತು ಕೊರೆದವಳು ನಾನು, ಹುಡುಗಿಯನ್ನು ಗೇಟಿನಿಂದ ಅಟ್ಟಿದವಳೂ ನಾನು. ಆಗ ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಅದನ್ನು ಬಾಯಲ್ಲಿ ಒಪ್ಪಿಕೊಳ್ಳುವುದೊಂದು ಮಾತ್ರ ನನಗೆ ಬರಲಿಲ್ಲ.

“ಅಮ್ಮ, ಆ ನೀರು ಚೆಲ್ಲು,” ಎಂದಳು ಮಗಳು.

“ನೀನು ಸುಮ್ನಿರು. ನಿಮ್ಮತ್ತೆ ಫೋನ್ ನೋಡಿ ನೋಡಿ—”

ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋದಳು. ಬೀಗಿತ್ತಿಯೂ ಆ ಹುಡುಗಿಯೂ ಇಬ್ಬರೇ ಡ್ರಮ್ಮನ್ನು ವಾಲಿಸಿ ನೀರನ್ನು ಹಿತ್ತಲಿನ ಮಣ್ಣಿಗೆ ಚೆಲ್ಲಿದರು. ಮಣ್ಣು ಅದನ್ನು ಹೀರಿಕೊಳ್ಳುವುದನ್ನು ನಾನು ನಿಂತು ನೋಡಿದೆ. ಒಳಗೆ ಹೋದರೆ ಮಗಳು ಮಂಚದ ಮೇಲೆ ಚೀಲ ಇಟ್ಟುಕೊಂಡು ಬಟ್ಟೆ ತುಂಬುತ್ತಿದ್ದಳು. ನಾನು ಮಡಿಸಿಟ್ಟಿದ್ದ ಹತ್ತಿ ಸೀರೆಗಳನ್ನು ಮಾತ್ರ ಮುಟ್ಟಿರಲಿಲ್ಲ.

“ಎರಡು ಹುಳ ನೋಡಿದ್ದಕ್ಕೆ ತವರು ಬಿಟ್ಟು ಹೋಗ್ತೀಯಾ?” ಎಂದೆ.

“ಹುಳಕ್ಕಲ್ಲಮ್ಮ. ಹುಳ ಯಾರ ಮನೇಲಾದ್ರೂ ಬೀಳ್ತಾವೆ,” ಎಂದಳು, ಬಟ್ಟೆ ಮಡಿಸುತ್ತಲೇ. “ಅತ್ತೆಗೆ ಏನೂ ತಿಳಿಯಲ್ಲ, ನನಗೂ ಗೊತ್ತು. ಆದ್ರೆ ಅವರು ತಪ್ಪು ಮಾಡಿದ್ರೆ ನಾನು ಹೇಳ್ಬೋದು, ಅವರು ಕೇಳ್ತಾರೆ. ನಿನಗೆ ಯಾರು ಹೇಳ್ಬೇಕು? ನಾನು ಮೂರು ತಿಂಗಳು ಮಲಗಿರೋಳು. ಕೂಸು ಅತ್ರೆ, ಹಾಲು ಬರದಿದ್ರೆ, ನನಗೆ ಏನೋ ಗೊತ್ತಾಗದಿದ್ರೆ, ನೀನು ಕಟ್ಟೆ ಮೇಲೆ ಕೂತು ನನ್ನೂ ಹಂಗೇ ಮಾಡಿ ತೋರಿಸ್ತೀಯ.”

ಅಂಥ ಕೆಲಸ ಮಾಡುತ್ತೇನೆಯೇ ಎಂದು ಕೇಳಬೇಕೆಂದಿದ್ದೆ. ಮಾಡುತ್ತಿದ್ದೆ ಎಂದು ನನಗೇ ಅನ್ನಿಸಿತು.

ಮಧ್ಯಾಹ್ನದ ಬಸ್ಸಿಗೆ ಅವರಿಬ್ಬರೂ ಹೊರಟರು. ಆಟೋ ಹತ್ತುವಾಗ ಬೀಗಿತ್ತಿ, “ಗಿಡ ನೀವೇ ಇಟ್ಕಳ್ರಿ,” ಎಂದರು. ಯಾರಿಗೆ ಬೇಕಿತ್ತು ಆ ದರಿದ್ರ ಗಿಡಗಳು. ಒಂದು ವಾರ ನೀರು ಹಾಕದೆ ಬಿಟ್ಟೆ, ಒಣಗಿದವು.

ಆಮೇಲಿನ ಎರಡು ತಿಂಗಳು ನಾನು ಬೀದಿಗೆ ಉತ್ತರ ಹೇಳುವುದರಲ್ಲಿ ಕಳೆದೆ. ಬಾಣಂತನ ನಿಮ್ಮನೇಲಲ್ವಾ, ಮಗಳು ಯಾಕೆ ವಾಪಸ್ ಹೋದ್ಲು ಎಂದು ಕಟ್ಟೆಯ ಮೇಲಿನ ಅದೇ ಹೆಂಗಸರು ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದರು. ಅಳಿಯನಿಗೆ ಆಸ್ಪತ್ರೆ ಅಲ್ಲೇ ಅನುಕೂಲವಂತೆ ಎನ್ನುತ್ತಿದ್ದೆ. ಅವರು ನಂಬುತ್ತಿರಲಿಲ್ಲ. ನಾನು ಎದ್ದು ಹೋದ ಮೇಲೆ ನನ್ನನ್ನು ಹೇಗೆ ಮಾಡಿ ತೋರಿಸುತ್ತಾರೆ ಎಂಬುದನ್ನು ಊಹಿಸುವುದು ನನಗೆ ಕಷ್ಟವಾಗಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಹನ್ನೆರಡನೆಯ ದಿನ ಭರಮಸಾಗರಕ್ಕೆ ಹೋದೆ, ಚೊಚ್ಚಲ ಬಾಣಂತಿಯ ತಾಯಿ ನೆಂಟಳಾಗಿ, ಕೈಯಲ್ಲಿ ಹಣ್ಣಿನ ಚೀಲ ಹಿಡಿದುಕೊಂಡು. ಹೋದ ತಕ್ಷಣ ನನ್ನ ಕಣ್ಣು ಹುಡುಕಿದ್ದು ಸೊಳ್ಳೆಯನ್ನು. ಕಿಟಕಿಗಳಿಗೆಲ್ಲ ಜಾಲರಿ ಹೊಡೆಸಿದ್ದರು. ತೊಟ್ಟಿಲಿಗೆ ಪರದೆ ಇತ್ತು. ಕೆರೆ ದಂಡೆಯವರು ತಮ್ಮ ಮನೆಯಲ್ಲಿ ಗಿಡ ನಂಬಿಕೊಂಡು ಕೂತಿರಲಿಲ್ಲ. ಪರದೆಯೊಂದನ್ನು ನನ್ನ ಮನೆಗೂ ತಂದಿದ್ದರೆ ನಾನು ಅದಕ್ಕೂ ಏನಾದರೂ ಅನ್ನುತ್ತಿದ್ದೆನಾ ಎಂದು ಯೋಚಿಸಿದೆ. ಅನ್ನುತ್ತಿದ್ದೆ.

ಮಗಳಿಗೆ ಅವತ್ತಿನ ನೀರು ಎರೆದಾಗಿತ್ತು. ಬಚ್ಚಲಿನಿಂದ ಲಕ್ಕಿ ಸೊಪ್ಪು ಕುದಿಸಿದ ನೀರಿನ ವಾಸನೆ ಬರುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಮಂಚದ ಮೇಲೆ ಮಲಗಿದ್ದಳು. ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಅದು ಹಿಡಿಯಷ್ಟಿತ್ತು, ಅದರ ಮೂಗು ನನ್ನ ಅವ್ವನ ಮೂಗಿನಂತಿತ್ತು.

ಅಷ್ಟರಲ್ಲಿ ಬೀಗಿತ್ತಿ ಕೆಂಡದ ಬಟ್ಟಲು ಹಿಡಿದುಕೊಂಡು ಬಂದರು. ಅದರ ಮೇಲೆ ಲಕ್ಕಿ ಸೊಪ್ಪು, ಒಂದಿಷ್ಟು ಸಾಂಬ್ರಾಣಿ. ಬಾಗಿಲು ಮುಂದೆ ಮಾಡಿ, ಬಟ್ಟಲನ್ನು ಮಂಚದ ಕೆಳಗೆ ಹಿಡಿದರು, ಆಮೇಲೆ ತೊಟ್ಟಿಲ ಕೆಳಗೆ ಹಿಡಿದರು, ಆಮೇಲೆ ನನ್ನ ಕಡೆಗೆ ತಂದರು. ಮುಚ್ಚಿದ ಕೋಣೆ, ದಟ್ಟ ಹೊಗೆ, ಹನ್ನೆರಡು ದಿನದ ಕೂಸು.

ಈ ಹೊಗೆ ಕೂಸಿನ ಎದೆಗೆ ಕೆಟ್ಟದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ನಾನು ಹೇಳುವುದು ಪೂರ್ತಿ ಸರಿಯಾಗಿತ್ತು, ಹೇಳಲೇಬೇಕಾಗಿತ್ತು. ಬಾಯಿ ತೆರೆದೆ. ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿದೆ, ಅದರ ಕೊನೆಯಲ್ಲಿ ಒಂದು ಚುಚ್ಚು ಇತ್ತು. ಅದನ್ನು ಬಿಟ್ಟು ಇನ್ನೊಂದು ಕಟ್ಟಿದೆ, ಅದು ಕ್ಲಾಸಿನಲ್ಲಿ ದಡ್ಡರಿಗೆ ಹೇಳುವ ದನಿಯಲ್ಲಿತ್ತು. ಮೂರನೆಯದರಲ್ಲಿ ನಿಮ್ಮ ಕಡೆಯವರು ಎಂಬ ಮಾತು ತಾನಾಗಿ ಬಂದು ಕೂತಿತು. ಮಗಳು ಮಂಚದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿದೆ. ಹೊಗೆ ಬಂದು ಕೂಸಿನ ಮುಖಕ್ಕೆ ತಾಗಿತು. ಅದು ಎರಡು ಸಲ ಸೀನಿ, ಕೆಮ್ಮಿ, ಕೆಂಪಗಾಗಿ ಅಳತೊಡಗಿತು.

“ಅತ್ತೆ, ಸಾಕು. ಕೂಸಿಗೆ ಹೊಗೆ ಆಗಲ್ಲ, ಹೊರಗಿಟ್ಟು ಬರ್ರಿ,” ಎಂದಳು ಮಗಳು, ಮಲಗಿದಲ್ಲಿಂದಲೇ.

“ಹೌದೇನವ್ವ? ನನಗ್ ಗೊತ್ತಾಗ್ಲಿಲ್ಲ ನೋಡು,” ಎಂದು ಬೀಗಿತ್ತಿ ಗಾಬರಿಯಿಂದ ಬಟ್ಟಲನ್ನು ಹಿತ್ತಲಿಗೆ ಒಯ್ದು ಬಂದರು. ಬಾಗಿಲು ಪೂರ್ತಿ ತೆರೆದರು. ಸೆರಗಿನಿಂದ ಗಾಳಿ ಬೀಸಿ ಹೊಗೆ ಓಡಿಸಿದರು. ಆಮೇಲೆ ನನ್ನ ಎದುರು ಕುಕ್ಕುರುಗಾಲಿನಲ್ಲಿ ಕೂತು ಕೂಸಿನ ಕೆನ್ನೆ ಒರೆಸುತ್ತಾ ಕೇಳಿದರು:

“ಅಕ್ಕಾರೆ, ನೀವು ಓದಿದೋರು. ಹೊಗೆ ಕೂಸಿಗೆ ಆಗಲ್ಲ ಅಂತ ನಿಮಗೆ ಗೊತ್ತಿದ್ದೀತಲ್ಲ. ನನಗೊಂದು ಮಾತು ಹೇಳಬಾರದಾಗಿತ್ತೇನ್ರಿ?”

ಅವರ ಮುಖದಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು.

“ನನಗೆ ಗೊತ್ತಿರಲಿಲ್ಲ,” ಎಂದೆ.